ನಮ್ಮ ಗೋಡೆಯ ಮೇಲಿನ ಹೆಸರು

ಕೋಡಂಬಾಕ್ಕಂನ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ, ಪಕ್ಷದ ವಾರ್ಡ್ ಕಾರ್ಯದರ್ಶಿ ಮನೆಗೇ ಬಂದು, "ಈ ಸಲ ನೀವೇ ಕ್ಯಾಂಡಿಡೇಟು, ಅಕ್ಕಾ" ಎಂದಿದ್ದ. ಈ ತಮಿಳು ಊರಿನಲ್ಲೂ ಮನೆಯಲ್ಲಿ ನಮ್ಮಂತೆಯೇ ಕನ್ನಡ ಆಡುವವನು, ನಂಬಿದೆ. ಬೇರೆ ಪಕ್ಷದವರು ಹಿಡಿಯುವ ಮೊದಲೇ ನಮ್ಮ ಕಾಂಪೌಂಡ್ ಗೋಡೆಗೆ ಸುಣ್ಣ ಬಳಿಸಿ, ಚಿಹ್ನೆ ಬರೆಸಿ, ಹೆಸರಿಗೆ ಜಾಗ ಬಿಡಿಸಿದ. ಹೋಗುತ್ತ ಬರುತ್ತ ಆ ಖಾಲಿ ಜಾಗ ನೋಡಿ ಒಳಗೊಳಗೇ ಬೀಗುತ್ತಿದ್ದೆ.

ಟಿಕೆಟ್ ಘೋಷಣೆಯ ದಿನ ಬೆಳಿಗ್ಗೆಯೇ ಪೇಂಟರ್ ಬಂದ. ಸ್ಟೂಲು ಕೇಳಿದ, ನಾನೇ ತಂದುಕೊಟ್ಟೆ. ಕಾಫಿ ಮಾಡಿ ತರುವಷ್ಟರಲ್ಲಿ ಗೋಡೆಯ ಮೇಲೆ ಕಾರ್ಯದರ್ಶಿಯ ಹೆಂಡತಿಯ ಹೆಸರಿತ್ತು! ವರ್ಷಗಟ್ಟಲೆ ಬಿಸಿಲಲ್ಲಿ ಮನೆಮನೆ ಅಲೆದವಳು ನಾನು. ಆಕೆ ಪಕ್ಷದ ಕಚೇರಿಯ ಮೆಟ್ಟಿಲನ್ನೂ ಹತ್ತಿದವಳಲ್ಲ.

ಸಿಟ್ಟಿನಲ್ಲಿ ಕಾರ್ಯದರ್ಶಿಗೆ ಫೋನು ಮಾಡಿದೆ.

"ತಪ್ಪಾ ತಗೋಬೇಡಿ ಅಕ್ಕಾ," ಎಂದ. "ಸಾಯಂಕಾಲ ಅವಳು ವೋಟು ಕೇಳೋಕೆ ಬರ್ತಾಳೆ. ಮೊದಲನೇ ಆರತಿ ನೀವೇ ಎತ್ತಬೇಕು."