ಬ್ರೇಕಿಗೆ ಔಡಲೆಣ್ಣೆ

ಮೊದಲೇ ಹೇಳಿಬಿಡುತ್ತೇನೆ, ಎಣ್ಣೆ ಹಚ್ಚಿದವನು ನಾನೇ. ಕಾಕಾ ಅಲ್ಲ, ಮೋಟಾರು ರಿಪೇರಿ ಮಾಡುವ ಕ್ಯಾಂಪಿನ ಮಿಸ್ತ್ರಿ ಅಲ್ಲ, ನಮ್ಮ ಗಲ್ಲಿಯ ಯಾವ ಕಿಡಿಗೇಡಿಯೂ ಅಲ್ಲ. ಮೋಟಾರಿನ ಕೆಳಗೆ ಅಂಗಾತ ಮಲಗಿ, ಕಡ್ಡಿಗೆ ಅರಿವೆ ಸುತ್ತಿಕೊಂಡು, ಹಿಂದಿನ ಎರಡೂ ಗಾಲಿಗಳ ಬ್ರೇಕಿನ ಪಟ್ಟಿಗೆ ಎಲ್ಲೂ ಜಾಗ ಬಿಡದಂತೆ ಔಡಲೆಣ್ಣೆ ಬಳಿದೆ. ಬಳಿದಾದ ಮೇಲೆ ಎದ್ದು ನಿಂತು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಂಗಿಯ ಬೆನ್ನಿಗೂ ಎಣ್ಣೆ ಹತ್ತಿತು.

ಇಷ್ಟು ದೊಡ್ಡ ಕೋಣತನಕ್ಕೆ ನಾನೊಬ್ಬನೇ ಕಾರಣ ಅಂದುಕೊಂಡರೆ ನನ್ನ ಯೋಗ್ಯತೆಯನ್ನು ಹೆಚ್ಚಿಗೆ ತೂಗಿದಂತಾಗುತ್ತದೆ. ಅರ್ಧ ಶ್ರೇಯಸ್ಸು ನಮ್ಮ ಮನೆಯ ಪದ್ಧತಿಗೆ ಸಲ್ಲಬೇಕು. ಬೆಳಗಾವಿಯಲ್ಲಿ ಮಿರಗದ, ಅಂದರೆ ಮೃಗಶಿರೆಯ, ಮಳೆ ಹಿಡಿದರೆ ಬಿಡುವ ಮಾತಿಲ್ಲ. ಅದಕ್ಕೆ ಮುಂಚೆ ಮನೆಯನ್ನು ಸಜ್ಜು ಮಾಡಬೇಕು. ಹೆಂಚು ಇಳಿಸಿ ಒಡೆದದ್ದನ್ನು ತೆಗೆದು ತಿರುಗಿ ಹೊದಿಸುವುದು, ಹಿತ್ತಲ ಗೋಡೆಗೆ ತೆಂಗಿನ ಗರಿಯ ತಟ್ಟಿ ಕಟ್ಟುವುದು, ಇವೆಲ್ಲ ಮುಗಿದ ಮೇಲೆ ಕೊನೆಯ ಕೆಲಸ ಎಣ್ಣೆಯದು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪಡಸಾಲೆಯಲ್ಲಿ ಕುಳಿತು ತಾಮ್ರದ ಬಟ್ಟಲಲ್ಲಿ ಔಡಲೆಣ್ಣೆ ಹಾಕಿ ನನ್ನ ಕೈಗೆ ಕೊಡುತ್ತಿದ್ದಳು. ಮನೆಯಲ್ಲಿ ಯಾವುದೂ ಒದರಬಾರದು, ಕಿರುಗುಟ್ಟಬಾರದು ಎಂಬುದು ಅವಳ ಕಾನೂನು. ತಲಬಾಗಿಲು ಒದರಿದರೆ ಎಣ್ಣೆ, ಬಾವಿಯ ಗಡಗಡಿ ಒದರಿದರೆ ಎಣ್ಣೆ, ತೂಗುಮಂಚದ ಸರಪಳಿಗೆ ಎಣ್ಣೆ, ತನ್ನ ಮೊಣಕಾಲಿಗೂ ಅದೇ ಎಣ್ಣೆ.

"ಮೊದಲ ಇರಿವಿ ಅದಾವೇನ ನೋಡು, ಆಮ್ಯಾಲ ಹಚ್ಚು," ಎನ್ನುತ್ತಿದ್ದಳು. "ಒಂದು ಜೀವ ಹೋತಂದ್ರ ಪಾಪ ನಿನಗ ಹತ್ತತೈತಿ, ಎಣ್ಣಿಗಲ್ಲ."

ನಾವು ಜೈನರು. ಇರುವೆಯ ವಿಷಯದಲ್ಲಿ ನಾನು ಎಂದೂ ತಪ್ಪಿದವನಲ್ಲ. ತಪ್ಪಿದ್ದು ಉಳಿದ ವಿಷಯಗಳಲ್ಲಿ.

ಮೊದಲ ಮಹಾಯುದ್ಧ ಮುಗಿದು ನಾಲ್ಕಾರು ವರ್ಷವಾಗಿತ್ತು. ಕ್ಯಾಂಪಿನಿಂದ, ಅಂದರೆ ಗೋರಾ ದಂಡಿನ ನೆಲೆಯಿಂದ, ವಿಲಾಯತಿಗೆ ಮರಳುತ್ತಿದ್ದ ಸಾಹೇಬನೊಬ್ಬನಿಂದ ನಮ್ಮ ಕಾಕಾ ಮೋಟಾರು ಕೊಂಡ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಕಾಕಾನೇ ಯಜಮಾನ. ಅಕ್ಕಿಯ ಅಡತಿ ಅಂಗಡಿ ಅವನದು. ಮೋಟಾರು ಬಂದ ಮೇಲೆ ಅವನ ನಡಿಗೆಯೇ ಬದಲಾಯಿತು. ಕಾಲಲ್ಲಿ ನಡೆಯುವಾಗಲೂ ತಿರುವಿನಲ್ಲಿ ಕೈ ಹೊರಗೆ ಚಾಚುತ್ತಿದ್ದ. ಗಾಡಿ ಚೆನ್ನಾಗಿಯೇ ಇತ್ತು. ಕೈಯಿಂದ ಎಳೆಯುವ ಬ್ರೇಕು ಮಾತ್ರ ಸಾಹೇಬನ ಕಾಲದಲ್ಲೇ ಪ್ರಾಣ ಬಿಟ್ಟಿತ್ತು. ಕಾಕಾ ಅದಕ್ಕೆ ಛತ್ರಿ ತೂಗುಹಾಕುತ್ತಿದ್ದ. ಉಳಿದದ್ದು ಕಾಲ ಬ್ರೇಕು. ಅದು ಗಾಡಿಯನ್ನು ನಿಲ್ಲಿಸುತ್ತಿತ್ತು, ಆದರೆ ನಿಲ್ಲಿಸುವ ಮೊದಲು ಇಡೀ ಪೇಟೆಗೆ ಡಂಗುರ ಸಾರುತ್ತಿತ್ತು. ಮೊದಲು ಬೆಕ್ಕಿನ ಮರಿಯ ದನಿ, ಆಮೇಲೆ ಶಾಲೆಯ ಪಾಟಿಯ ಮೇಲೆ ಉಗುರು ಎಳೆದಂತೆ, ಕೊನೆಗೆ ಸರದಿ ತಪ್ಪಿಸಿ ಯಾರೋ ಕೊಡ ಇಟ್ಟಾಗ ನಳದ ಹತ್ತಿರ ಏಳುವ ಕೂಗು.

ಇಂಥ ದನಿಯನ್ನು ದೇವರು ಯಾರಿಗಾಗಿ ಸೃಷ್ಟಿಸಿದ? ನನಗಾಗಿಯೇ. ನಾನು ಹಗಲೆಲ್ಲ ಒಬ್ಬ ವಕೀಲರ ಕಚೇರಿಯಲ್ಲಿ ಕಾಗದಗಳ ನಕಲು ಬರೆಯುತ್ತಿದ್ದೆ, ಸಂಜೆ ಮನುಷ್ಯರ ನಕಲು ಮಾಡುತ್ತಿದ್ದೆ. ವಕೀಲರು ನಶ್ಯ ಏರಿಸಿ ಕಾಯಿದೆ ಹೇಳುವುದು, ಬಸದಿಯ ಪಂಡಿತರು ನಿದ್ದೆಯಲ್ಲೇ ಸ್ತೋತ್ರ ಮುಂದುವರಿಸುವುದು, ಕ್ಯಾಂಪಿನ ಗೋರಾ ಸೋಲ್ಜರನು ನಾಯಿಯನ್ನು ಕರೆಯುವುದು, ಎಲ್ಲ ನನಗೆ ಕರಗತ. ನನ್ನದೇ ನಕಲನ್ನೂ ಮಾಡುತ್ತಿದ್ದೆ: ವಕೀಲರು ಬೈಯುವಾಗ ನನ್ನ ಕತ್ತು ಹೇಗೆ ಆಮೆಯ ಹಾಗೆ ಅಂಗಿಯೊಳಗೆ ಇಳಿಯುತ್ತದೆ ಎಂದು. ಜನ ಅದಕ್ಕೇ ಹೆಚ್ಚು ನಗುತ್ತಿದ್ದರು, ಕಾರಣ ಕೇಳಲು ನನಗೆ ಧೈರ್ಯವಾಗಲಿಲ್ಲ.

ಬ್ರೇಕು ನನ್ನ ಬಾಯಿಗೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಒಂದು ದಿನ ಅಡತಿಯ ಮುಂದೆ ನಿಂತು ಕೂಗಿದ್ದೇ ತಡ, ಕಾಕಾ ತಕ್ಕಡಿ ಬಿಟ್ಟು ಹೊರಗೆ ಓಡಿ ಬಂದ.

"ಗಾಡಿ ಯಾರ ಒಯ್ದರೋ?"

"ಗಾಡಿ ಅಲ್ಲೇ ಐತಿ ಕಾಕಾ. ನಾ ಬರೇ ಬ್ರೇಕ್ ತಂದೇನಿ."

"ಮಗನ, ನಿನ್ನ ಬಾಯಾಗ ಅಕ್ಕಿ ಚೀಲ ತುರಕತೇನಿ ನೋಡು!"

ಅಷ್ಟರಲ್ಲಿ ಗಲ್ಲಿಯ ಹುಡುಗರೆಲ್ಲ ಕಲಿತಾಗಿತ್ತು. ಕಾಕಾ ಎಲ್ಲಿ ಹೋದರೂ ಮೂಲೆ ಮೂಲೆಯಿಂದ ಬ್ರೇಕು ಕೂಗತೊಡಗಿತು. ಗಾಡಿಯ ಮಾನವನ್ನು ಹರಾಜಿಗೆ ಹಾಕಿದವನು ನಾನು. ಆ ಹರಾಜಿನಲ್ಲಿ ನನ್ನದೇ ಹೆಸರು ಕೂಗುತ್ತಾರೆಂದು ತಿಳಿದಿರಲಿಲ್ಲ.

ಏಕೆಂದರೆ ಅದೇ ಬೇಸಿಗೆಯಲ್ಲಿ ಖಾನಾಪುರದಿಂದ ನನಗೊಂದು ಸಂಬಂಧ ಬಂತು. ಹುಡುಗಿಯನ್ನು ನಾನು ಮೊದಲೇ ಒಂದು ಮದುವೆಯಲ್ಲಿ ನೋಡಿದ್ದೆ. ಅಂದು ಹಂದರದಲ್ಲಿ ನಾನು ಕಾಕಾನ ಸೀನನ್ನು ನಕಲು ಮಾಡುತ್ತಿದ್ದೆ. ಆ ಸೀನು ಬರಲು ಬಹಳ ಹೊತ್ತು ಹಿಡಿಯುತ್ತದೆ, ಮೂಗು ನಾಲ್ಕು ದಿಕ್ಕಿಗೂ ತಿರುಗಬೇಕು. ಸೀನು ಇನ್ನೂ ದಾರಿಯಲ್ಲಿರುವಾಗಲೇ ಮಜ್ಜಿಗೆಯ ತಂಬಿಗೆ ಹಿಡಿದಿದ್ದ ಅವಳು ಕಿಸಕ್ಕನೆ ನಕ್ಕಳು. ನನ್ನ ಕಲೆಗೆ ಸೋತಳೆಂದು ನಾನು ಉಬ್ಬಿದೆ. ಹಿಂದೆ ತಿರುಗಿದರೆ ಕಾಕಾ ನಿಂತಿದ್ದ. ಅವಳು ನಕ್ಕದ್ದು ನನಗೆ ಮುಂದೆ ಆಗಲಿರುವುದನ್ನು ನೆನೆದು. ಕೆನ್ನೆಗೆ ಬಿದ್ದ ಕಾಕಾನ ಕೈಯ ಕಾವು ಆರುವ ಮೊದಲೇ ನಾನು ನಿಶ್ಚಯಿಸಿದ್ದೆ, ಮದುವೆಯಾದರೆ ಇವಳನ್ನೇ.

ಸಂಬಂಧ ತಂದ ಹಿರಿಯರು ಮಾತಿನ ನಡುವೆ ಸಹಜವಾಗಿ ಒಂದು ಬಾಂಬು ಒಗೆದರು. "ಖಾನಾಪುರದಾಗೂ ನಿಮ್ಮ ಗಾಡಿ ಸುದ್ದಿ ಐತ್ರಿ. ಒದರೂ ಗಾಡಿ ಅಂತಾರ. ಹುಡುಗಿ ಮನಿಯವರೂ ಕೇಳಿ ನಕ್ಕರು."

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಹೊಸ ಕೋಟು ತೊಟ್ಟು, ಜರಿಯ ರುಮಾಲು ಸುತ್ತಿಕೊಂಡು ನಾನು ಹೆಣ್ಣಿನ ಮನೆಯ ಮುಂದೆ ಇಳಿಯಬೇಕು. ಅದಕ್ಕೂ ಮೊದಲು ಗಾಡಿ ಊರೆಲ್ಲ ಕೇಳುವಂತೆ ಅರಚಬೇಕು. ಒಳಗೆ ಅವಳು ಮತ್ತೆ ಕಿಸಕ್ಕನೆ ನಗಬೇಕು. ಈ ಸಾರಿ ನನ್ನನ್ನೇ ನೋಡಿ. ಬೇರೆಯವರನ್ನು ನಗೆಪಾಟಲು ಮಾಡಿ ಬದುಕಿದವನಿಗೆ ತನ್ನ ಸರದಿ ಬಂದಾಗ ಎಷ್ಟು ಉರಿಯುತ್ತದೆಂದು ಆಗ ತಿಳಿಯಿತು. ಕಾಕಾನಿಗೆ ಹೇಳಿದರೆ ಮಿಸ್ತ್ರಿ ನೋಡುತ್ತಾನೆ ಅಂದ. ಮಿಸ್ತ್ರಿ ನೋಡಲು ಬರಲಿಲ್ಲ. ಹೊರಡುವ ದಿನ ಬಂತು. ನಾನು ಆಯಿಯ ಬಟ್ಟಲು ತೆಗೆದುಕೊಂಡು ಗಾಡಿಯ ಕೆಳಗೆ ನುಸುಳಿದೆ. ಇರುವೆ ಇವೆಯೇ ಎಂದು ಚೆನ್ನಾಗಿ ನೋಡಿದೆ. ಇರಲಿಲ್ಲ. ಮುಂದಿನದನ್ನು ಆಗಲೇ ಹೇಳಿದ್ದೇನೆ.

ಮಧ್ಯಾಹ್ನದ ಊಟ ಮುಗಿಸಿ ಕಾಕಾ, ಅವ್ವ, ನಾನು ಹೊರಟೆವು. ಹೊತ್ತು ಮುಳುಗುವುದರೊಳಗೆ ಖಾನಾಪುರದಲ್ಲಿ ಊಟಕ್ಕೆ ಕೂರಬೇಕು. ಕತ್ತಲಾದ ಮೇಲೆ ನಾವು ಉಣ್ಣುವವರಲ್ಲ, ಅವರೂ ಬಡಿಸುವವರಲ್ಲ. ಪೀರನವಾಡಿಯ ಹತ್ತಿರ ರಸ್ತೆಯ ನಡುವೆ ಎಮ್ಮೆಯೊಂದು ನಿಂತಿತ್ತು. ಕಾಕಾ ಬ್ರೇಕು ತುಳಿದ. ಗಾಡಿ ಒಂದಿಷ್ಟೂ ಸದ್ದಿಲ್ಲದೆ, ಬೆಣ್ಣೆಯ ಮೇಲೆ ಸಾಗಿದಂತೆ ಮುಂದೆ ಸಾಗಿತು. ಎಮ್ಮೆ ನಮ್ಮನ್ನೊಮ್ಮೆ ನೋಡಿ ತಾನೇ ಪಕ್ಕಕ್ಕೆ ಸರಿಯಿತು. ಆ ಗೌರವವನ್ನೂ ಬ್ರೇಕಿಗೇ ಕೊಟ್ಟೆವು.

"ನೋಡಿದ್ರಿ ವೈನಿ?" ಕಾಕಾ ಅವ್ವನ ಕಡೆ ತಿರುಗಿ ಹೇಳಿದ. "ಗಾಡಿ ತಾನ ಸುಧಾರಸ್ತು. ನಿಮ್ಮ ಮಗನೂ ಒಂದಿನ ಹಿಂಗ ಸುಧಾರಸ್ತಾನ."

ನಾನು ಗಾಜಿಲ್ಲದ ಕಿಟಕಿಯಿಂದ ಹೊರಗೆ ನೋಡುತ್ತ ವಿನಯದಿಂದ ಮುಗುಳ್ನಕ್ಕೆ.

ಮಚ್ಛೆ ದಾಟಿದ ಮೇಲೆ ಟಾಯರು ಒಡೆಯಿತು. ಅದನ್ನು ಬಿಚ್ಚಿ, ಟ್ಯೂಬಿಗೆ ತೇಪೆ ಹಚ್ಚಿ, ಸರದಿಯ ಮೇಲೆ ಗಾಳಿ ಹೊಡೆಯುವಷ್ಟರಲ್ಲಿ ಬಿಸಿಲು ಹಳದಿಯಾಯಿತು. ಕಾಕಾ ಸೂರ್ಯನ ಕಡೆ ಒಂದು ಕಣ್ಣು, ರಸ್ತೆಯ ಕಡೆ ಒಂದು ಕಣ್ಣು ಇಟ್ಟು ಗಾಡಿ ಓಡಿಸಿದ. ಬಯಲು ರಸ್ತೆ, ಎಲ್ಲೂ ಬ್ರೇಕು ತುಳಿಯುವ ಪ್ರಸಂಗವೇ ಬರಲಿಲ್ಲ. ಔಡಲೆಣ್ಣೆ ತನ್ನ ಪಾಡಿಗೆ ತಾನು ಒಳಗೆ ಇಳಿಯುತ್ತಿತ್ತು.

ಹುಡುಗಿಯ ಮನೆ ಹೊಳೆಯ ಕಡೆಗೆ ಇಳಿಯುವ ಇಳಿಜಾರಿನ ಮೇಲೆ. ದೂರದಿಂದಲೇ ಕಂಡಿತು: ಅಂಗಳದ ಮುಂದೆ ಅವಳ ತಂದೆ ಕೈಮುಗಿದು ನಿಂತಿದ್ದಾರೆ, ಪಕ್ಕದಲ್ಲಿ ಅವಳ ಆಯಿ ಕೋಲೂರಿದ್ದಾಳೆ, ಕಾಲಿಗೆ ನೀರು ಕೊಡಲು ತುಂಬಿದ ತಂಬಿಗೆ ಹಿಡಿದು ಆಳು ನಿಂತಿದ್ದಾನೆ, ಅರೆ ತೆರೆದ ಬಾಗಿಲ ಹಿಂದೆ ಹಸಿರು ಸೀರೆಯೊಂದು. ಕಾಕಾ ಗಂಭೀರವಾಗಿ ಬ್ರೇಕು ತುಳಿದ. ಮತ್ತೆ ತುಳಿದ. ಆಮೇಲೆ ಎರಡೂ ಕಾಲಿನಿಂದ ತುಳಿದ. ಕೈ ಬ್ರೇಕನ್ನೂ ಎಳೆದ, ಛತ್ರಿ ಬಿಚ್ಚಿಕೊಂಡಿತು. ಮುಗಿದ ಕೈಗಳು ಹತ್ತಿರ ಬಂದವು, ಪಕ್ಕಕ್ಕೆ ಬಂದವು, ನಮ್ಮೊಂದಿಗೇ ನಿಧಾನ ತಿರುಗಿ ಹಿಂದೆ ಉಳಿದವು.

"ನಮಸ್ಕಾರ್ರೀ! ಬಂದ್ವಿರೀ!" ಎಂದು ಕೂಗುತ್ತಲೇ ಕಾಕಾ ಮನೆ ದಾಟಿದ.

ಆಗ ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು. ಹೊರಟದ್ದು ಬ್ರೇಕಿನ ಕೂಗು. ಬೆಕ್ಕಿನ ಮರಿ, ಪಾಟಿ, ನಳದ ಜಗಳ, ಮೂರೂ ಕ್ರಮವಾಗಿ. ಕೋಳಿಗಳು ಹಾರಿದವು, ಆಡುತ್ತಿದ್ದ ಮಕ್ಕಳು ಓಡಿ ಬದಿಗಾದರು. ಬ್ರೇಕಿನ ಅರ್ಧ ಕೆಲಸ ನಾನು ಮಾಡಿದೆ. ಉಳಿದರ್ಧವನ್ನು ರಸ್ತೆಯ ತುದಿಯಲ್ಲಿದ್ದ ತಿಪ್ಪೆ ಮಾಡಿತು. ಭತ್ತದ ಗದ್ದೆಗೆಂದು ಕೂಡಿಟ್ಟ ಗೊಬ್ಬರ, ಮೆತ್ತಗೆ ಬೆಚ್ಚಗೆ ಇತ್ತು. ಅಷ್ಟು ಆದರದಿಂದ ನನ್ನನ್ನು ಈವರೆಗೆ ಯಾರೂ ಬರಮಾಡಿಕೊಂಡಿಲ್ಲ. ಜರಿಯ ರುಮಾಲು ಎಲ್ಲರಿಗಿಂತ ಮುಂದೆ ಹೋಗಿ ಕುಳಿತಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮೋಟಾರನ್ನು ಎಳೆಯಲು ಅವರ ಮನೆಯ ಎತ್ತುಗಳನ್ನು ಹೂಡಿ, ಅದು ಹೊರಗೆ ಬಂದು, ನಾವು ಮೈ ತೊಳೆದುಕೊಂಡು ಪಡಸಾಲೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹಾಸಿದ ಎಲೆಗಳು ಹಾಗೇ ಇದ್ದವು. ಒಳಗಿನಿಂದ ಹೋಳಿಗೆಯ ಘಮಲು ಬಂದು ನಮ್ಮನ್ನು ಮುಟ್ಟಿ ಹೋಗುತ್ತಿತ್ತು. ಯಾರೂ ಕೂರುವಂತಿಲ್ಲ.

"ಹೆಣ್ಣ ನೋಡಾಕ ಬಂದ ದಿನ ಉಪವಾಸ," ಎಂದಳು ಅವ್ವ ಸಣ್ಣ ದನಿಯಲ್ಲಿ. "ಇದು ಚಲೋ ಲಕ್ಷಣ ಅಲ್ಲ. ಈ ಮಾತು ಇಲ್ಲಿಗೇ ಬಿಡೂಣು."

ಹುಡುಗಿಯ ತಂದೆಯ ಮುಖ ಇಳಿಯಿತು. ಮನೆಗೆ ಬಂದ ಬೀಗರು ಉಣ್ಣದೆ ಹೋದರು ಎಂದರೆ ನಾಳೆ ಊರು ಆಡಿಕೊಳ್ಳುತ್ತದೆ. ಕಾಕಾ ತನ್ನ ಸಿಟ್ಟಿಗೆ ಆಗಲೇ ವಾರಸುದಾರನನ್ನು ಹುಡುಕಿದ್ದ. "ಎಲ್ಲಾ ಆ ಕ್ಯಾಂಪಿನ ಮಿಸ್ತ್ರಿದ್ದ ಕಾರಭಾರ. ನಾಳೆ ಹೋಗಿ ಅವನ ಟೊಂಕ ಮುರೀತೇನಿ!"

ಅಷ್ಟರಲ್ಲಿ ಹುಡುಗಿಯ ಆಯಿ ಮೂಗು ಅರಳಿಸಿದಳು. "ಅರೇ ದೇವಾ, ನಿಮ್ಮೊಳಗ ಯಾರಿಗರೆ ಮೊಣಕಾಲ ಬ್ಯಾನಿ ಐತೇನ್ರಿ? ಆಗಿಂದ ಔಡಲೆಣ್ಣಿ ವಾಸನಿ ಬರಾಕತ್ತೈತಿ. ಗಾಡಿ ಬಾಜೂಕನೂ ಅದ ವಾಸನಿ."

ಅವ್ವ ತಿರುಗಿ ನನ್ನನ್ನು ನೋಡಿದಳು. ಹೆತ್ತವಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ.

"ಬ್ರೇಕಿಗೆ ಏನರೆ ಹಚ್ಚಿದಿಯೇನೋ?"

"ಒದರಬಾರದು ಅಂತ..." ಎಂದೆ.

"ಬ್ರೇಕಿಗೆ?" ಕಾಕಾ ಎದ್ದು ನಿಂತ. "ಎಣ್ಣಿ?"

"ಇರಿವಿ ನೋಡೇ ಹಚ್ಚೇನಿ ಕಾಕಾ."

ಖರೇ ಹೇಳುತ್ತೇನೆ, ಆ ಮಾತು ನಗಿಸಲು ಆಡಿದ್ದಲ್ಲ. ನನ್ನ ಪರವಾಗಿ ಹೇಳಲು ಅದೊಂದೇ ಇತ್ತು. ಕಾಕಾನ ಕೈ ಮೇಲೆದ್ದು, ಬೀಗರ ಮನೆಯೆಂದು ನೆನಪಾಗಿ, ತನ್ನದೇ ತಲೆ ಕೆರೆದುಕೊಂಡು ಇಳಿಯಿತು. ಹುಡುಗಿಯ ತಂದೆ ಕೆಮ್ಮಿದರು. ಅದು ಕೆಮ್ಮೋ ನಗೆಯೋ ತಿಳಿಯಲಿಲ್ಲ. ಬೇರೆ ದಿನವಾಗಿದ್ದರೆ ಆ ಕೆಮ್ಮನ್ನು ಕಲಿತುಕೊಂಡುಬಿಡುತ್ತಿದ್ದೆ. ಅಂದು ನನ್ನ ಗಮನವೆಲ್ಲ ಬಾಗಿಲ ಹಿಂದಿನ ಹಸಿರು ಸೀರೆಯ ಮೇಲಿತ್ತು. ಅದು ಅಲುಗುತ್ತಿರಲಿಲ್ಲ.

"ಏಳ್ರಿ, ಹೋಗೂಣು," ಎಂದಳು ಅವ್ವ.

"ಹೆಂಗ ಹೋಗ್ತೀರಿ ಯವ್ವಾ?" ಎಂದಳು ಹುಡುಗಿಯ ಆಯಿ. "ಹೋದ್ರ ನಿಲ್ಲೂದು ಎಲ್ಲಿ? ಗೋವಾದಾಗ?"

ಹೀಗೆ ನಾವು ಮತ್ತೆ ಕುಳಿತೆವು. ಸುಮ್ಮನೆ ಕೂತರೆ ಮಾನ ಇನ್ನಷ್ಟು ಹೋಗುತ್ತದೆಂದು ಕಾಕಾನಿಗೆ ಅನಿಸಿರಬೇಕು. ಎದೆ ಸೆಟೆಸಿ ಮಾತು ತೆಗೆದ. "ಸಾವ್ಕಾರ್ರ, ಹುಡುಗ ಹುಚ್ಚ ಅದಾನ, ಕೆಟ್ಟಾಂವಲ್ಲ. ನೀವು ಹೂಂ ಅನ್ರಿ ಸಾಕು. ಬ್ರೇಕಿನ ಪಟ್ಟಿ ಹೊಸಾವು ಹಾಕಸ್ತೇನಿ. ಮದುವಿ ದಿನ ಇದ ಮೋಟಾರಿಗೆ ಹೂವಿನ ಮಾಲಿ ಹಾಕಿ, ಇದರಾಗ ಮದುಮಗನ್ನ ಕುಂದರಿಸಿಕೊಂಡು ಬರ್ತೇನಿ. ಇಡೀ ಖಾನಾಪುರ ಬಾಯಿ ಬಿಟ್ಟು ನೋಡಬೇಕು!"

ಹುಡುಗಿಯ ತಂದೆ ದೀಪದ ಬತ್ತಿ ಏರಿಸಿದರು. "ನಾ ಏನ್ ಹೇಳ್ಲಿ," ಎಂದು ಒಳಗಿನ ಕಡೆ ಮುಖ ಮಾಡಿದರು. "ಎಲ್ಲಾ ಕೇಳೀದಿಯಲ್ಲವಾ? ನೀನ ಹೇಳು, ಇವರಿಗೆ ಏನ್ ಹೇಳೂಣು?"

ನನ್ನ ಕತ್ತು ಆಗಲೇ ಅಂಗಿಯೊಳಗೆ ಅರ್ಧ ಇಳಿದಿತ್ತು. ಬಾಗಿಲ ಹಿಂದಿನಿಂದ ದನಿ ಬಂತು, ಸಣ್ಣದೇನೂ ಅಲ್ಲ, ಅಂಗಳದ ಆಳಿಗೂ ಕೇಳುವಷ್ಟು:

"ಹೂಂ ಅಂತ ಹೇಳ್ರಿ ಅಪ್ಪಾ. ಆದ್ರ ಮದುವಿಗಿ ಎತ್ತಿನ ಬಂಡ್ಯಾಗ ಬರ್ರಿ ಅನ್ರಿ. ಎತ್ತು 'ಹೋ' ಅಂದ್ರ ಮನಿ ಮುಂದನ ನಿಂದರತಾವ."