ಓರಗಿತ್ತಿಯ ಚೌಕಗಳು

ನನ್ನ ಓರಗಿತ್ತಿಯನ್ನು ಈ ಕೆಲಸಕ್ಕೆ ಸೇರಿಸಿದವಳು ನಾನೇ. ಕೈಯಾರೆ ಮಾಡಿಕೊಂಡದ್ದು, ಯಾರನ್ನು ದೂರಲಿ? ಮೈದುನನ ಹೆಂಡತಿ, ಮನೆಯಲ್ಲಿ ಸುಮ್ಮನೆ ಕೂತಿದ್ದಾಳಲ್ಲ ಎಂದು ಕರೆದುಕೊಂಡು ಹೋದೆ.

ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ನಲವತ್ತು ಕಂಪ್ಯೂಟರ್. ಯಾವುದೋ ದೊಡ್ಡ ಕಂಪನಿ ಡ್ರೈವರ್ ಇಲ್ಲದೆ ಓಡುವ ಕಾರು ಮಾಡುತ್ತಿದೆಯಂತೆ. ಅದಕ್ಕೆ ಕಣ್ಣು ಬರಬೇಕಾದರೆ ನಾವು ರಸ್ತೆಯ ಫೋಟೋಗಳಲ್ಲಿ ಮನುಷ್ಯರು, ಸೈಕಲ್ಲು, ನಾಯಿ ಎಲ್ಲದರ ಸುತ್ತ ಚೌಕ ಎಳೆಯಬೇಕು. ಮೂರು ವರ್ಷ ಎಳೆದ ಮೇಲೆ ನನ್ನನ್ನು ಚೆಕಿಂಗ್‌ಗೆ ಕೂರಿಸಿದ್ದರು. ಬೇರೆಯವರ ಚೌಕ ನೋಡಿ ಪಾಸು ಮಾಡುವುದು, ಇಲ್ಲವೇ ವಾಪಸ್ ಕಳಿಸುವುದು. ಆರು ತಿಂಗಳಿಗೊಮ್ಮೆ ಗುತ್ತಿಗೆ ಮುಗಿಯುತ್ತದೆ; ಹೆಚ್ಚು ವಾಪಸ್ ಬಂದವರಿಗೆ ಮನೆ ದಾರಿ.

ನನ್ನ ಮೂರು ವರ್ಷವನ್ನು ಅವಳು ಎರಡೇ ತಿಂಗಳಲ್ಲಿ ನುಂಗಿ ನೀರು ಕುಡಿದಳು. ಸೂಪರ್‌ವೈಸರ್ ಬಾಯಲ್ಲಿ ಅವಳದೇ ಜಪ. ಮನೆಯಲ್ಲಿ ಅತ್ತೆಯೂ, "ಚಿಕ್ಕೋಳು ಭಾರೀ ಚುರುಕು ಕಣೇ" ಅಂದರು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ಧಗಧಗ ಉರಿಯಿತು.

ಚೆಕಿಂಗ್‌ನಲ್ಲಿ ಹೆಸರು ಕಾಣುವುದಿಲ್ಲ. ಆದರೆ ಅವಳ ಚೌಕ ನನಗೆ ಗೊತ್ತು: ಪಾದದ ಕೆಳಗೆ ಕೂದಲೆಳೆಯಷ್ಟು ಜಾಗ ಬಿಡುತ್ತಾಳೆ, ಪಾಪ, ನಿಂತವರಿಗೆ ಇಕ್ಕಟ್ಟಾದೀತು ಎಂಬಂತೆ. ಅದು ತಪ್ಪೇನಲ್ಲ. ಆದರೂ ವಾಪಸ್ ಒತ್ತಿದೆ. ದಿನಕ್ಕೆ ಹತ್ತು, ಆಮೇಲೆ ಇಪ್ಪತ್ತು. ಅವಳು ಊಟ ಬಿಟ್ಟು ತಿದ್ದುತ್ತಿದ್ದಳು. ನನಗೆ ಊಟ ರುಚಿಸುತ್ತಿತ್ತು.

ವಾಪಸ್ ಕಳಿಸಿದ್ದನ್ನು ಮೇಲಿನವರು ಮತ್ತೆ ನೋಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಗುತ್ತಿಗೆ ಮುಗಿಯುವ ವಾರ ಸೂಪರ್‌ವೈಸರ್ ಕರೆದು, "ಸರಿಯಾಗಿರೋದನ್ನೆಲ್ಲ ವಾಪಸ್ ಮಾಡಿದ್ದೀರಲ್ಲಮ್ಮ, ಮೊದಲು ಕಣ್ಣು ತೋರಿಸ್ಕೊಳ್ಳಿ" ಎಂದ. ನನ್ನ ಕುರ್ಚಿ ಅವಳಿಗೆ ಹೋಯಿತು. ನಾನು ಮತ್ತೆ ಚೌಕ ಎಳೆಯಬೇಕು, ಒಂದು ತಿಂಗಳು ನೋಡಿ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತಾರಂತೆ. ಅಂದರೆ ನನ್ನ ಅನ್ನ ಅವಳ ಕೈಯಲ್ಲಿ.

ಆ ತಿಂಗಳೆಲ್ಲ ಹೆದರಿಕೆಯಲ್ಲಿ ಎಷ್ಟೋ ತಪ್ಪು ಮಾಡಿದೆ. ಒಂದೂ ವಾಪಸ್ ಬರಲಿಲ್ಲ. ಗುತ್ತಿಗೆ ಮುಂದುವರಿಯಿತು. ಅಂದು ಬಸ್ಸಿನಲ್ಲಿ ಕೇಳಿಯೇಬಿಟ್ಟೆ, "ನಂದು ಯಾವುದೂ ತಪ್ಪೇ ಇರಲಿಲ್ವಾ?"

"ಇತ್ತಕ್ಕ. ನಾನೇ ತಿದ್ಬಿಟ್ಟೆ."

"ಹೆಸರೇ ಕಾಣಲ್ಲ, ನಂದು ಅಂತ ಹೇಗೆ ಗೊತ್ತಾಯ್ತು?"

"ಕಲಿಸಿದ್ದು ನೀವೇ ಅಲ್ವಾ? ನಿಮ್ಮ ಕೈ ನಂಗೆ ಗೊತ್ತಾಗಲ್ವಾ?" ಎಂದು ಕಿಟಕಿಯ ಕಡೆ ತಿರುಗಿದಳು. "ನನ್ನವನ್ನ ಯಾರು ವಾಪಸ್ ಕಳಿಸ್ತಿದ್ರು ಅಂತಾನೂ ಗೊತ್ತಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ, ಅದನ್ನು ಹೇಗೆ ಸಹಿಸಲಿ?