ನಾನು, ಅತ್ತೆ ಮತ್ತು ಟ್ಯಾಂಕಿನ ಆಟ

ವಿಡಿಯೋ ಗೇಮು ಮನುಷ್ಯರನ್ನು ಹಾಳುಮಾಡುತ್ತದೆ ಎನ್ನುವ ಲೇಖನಗಳನ್ನು ನಾನೂ ಓದಿದ್ದೇನೆ. ಬರೆದವರು ಆಡಿದವರಲ್ಲ ಅನ್ನುವುದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ನಾನು ಆಡಿದ್ದೇನೆ. ಚಳ್ಳಕೆರೆಯ ಗಂಡನ ಮನೆಯಲ್ಲಿ, ನಡುಮನೆಯ ಟಿವಿ ಮುಂದೆ, ಎರಡು ಮಕ್ಕಳ ತಾಯಿಯಾದ ಮೇಲೆ, ದಿನಾ ಮಧ್ಯಾಹ್ನ ಆಡಿದ್ದೇನೆ. ಅದರ ಒಳ್ಳೇದು ಕೆಟ್ಟದ್ದು ಹೇಳುವ ಹಕ್ಕು ನನಗಿದೆ.

ತೊಂಬತ್ತರ ದಶಕದ ಕೊನೆ. ನನ್ನ ತಮ್ಮ ಬಳ್ಳಾರಿಯಿಂದ ಗೇಮಿನ ಪೆಟ್ಟಿಗೆ, ಎರಡು ರಿಮೋಟು, ಹತ್ತಾರು ಆಟ ತುಂಬಿದ ಒಂದು ಹಳದಿ ಕ್ಯಾಸೆಟ್ಟು ತಂದುಕೊಟ್ಟಿದ್ದ. ಮಕ್ಕಳು ಒಂದು ಬೇಸಿಗೆ ಆಡಿ ಕ್ರಿಕೆಟ್ಟಿಗೆ ಓಡಿದರು. ಪಾತ್ರೆ ತೊಳೆದು, ಅಕ್ಕಿ ಆರಿಸಿಟ್ಟು, ನಾನು ಕೂತೆ. ಎರಡನೇ ರಿಮೋಟು ಸುಮ್ಮನೆ ಬಿದ್ದಿರುವುದನ್ನು ನೋಡಲಾರದೆ ಅತ್ತೆಯೂ ಬಂದು ಕೂತರು.

ಜೊತೆಗೊಬ್ಬರು ಬೇಕೆನ್ನುವುದು ನನಗೆ ತವರಿನಿಂದ ಬಂದ ಅಭ್ಯಾಸ. ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಂಚಿನ ಬಣ್ಣ ಬೇರೆಯಾದರೆ ಒಬ್ಬರಿಂದ ಆಗದು. ಅಪ್ಪ ಸೀರೆಯ ಒಡಲಿಗೆ ನೂಲು ಹಾಯಿಸುವ ಲಾಳಿ ಹೊಡೆದರೆ, ಪಕ್ಕದಲ್ಲಿ ಕೂತು ಅಂಚಿನ ಲಾಳಿ ದಾಟಿಸುವವಳು ನಾನು. ಅವರು ಅವಸರ ಮಾಡಿದ ದಿನ ಅಂಚು ಸೊಟ್ಟಗಾಗುತ್ತಿತ್ತು. ಪ್ರತಿ ಆಟವನ್ನೂ ನಾನು ಆ ಕಣ್ಣಿನಿಂದಲೇ ನೋಡಿದೆ.

ಇಟ್ಟಿಗೆ ಬೀಳುವ ಆಟ ಕೈಗೂ ಕಣ್ಣಿಗೂ ಚುರುಕು ಕೊಡುತ್ತೆ, ಒಪ್ಪುತ್ತೇನೆ. ಆದರೆ ಮುಗಿಯುವುದೇ ಇಲ್ಲ. ಚೆನ್ನಾಗಿ ಜೋಡಿಸಿದಷ್ಟೂ ಜೋರಾಗಿ ಸುರಿಯುತ್ತೆ. "ಇದೇನು ಆಟಾನಾ, ಅಡುಗೆಮನೆ," ಅಂದರು ಅತ್ತೆ. ಬೈಕಿನ ಆಟದಲ್ಲಿ ಬಣ್ಣ ಚೆಂದ, ಬುದ್ಧಿಗೆ ಏನೂ ಇಲ್ಲ. ಗುಂಡಿ ಹಾರಿ ನಾಣ್ಯ ಬಾಚುವ ಆಟದ ರಾಗ ಇವತ್ತಿಗೂ ನನ್ನ ಬಾಯಲ್ಲಿ ಬರುತ್ತೆ, ಆದರೆ ಬಿಟ್ಟುಬಂದದ್ದನ್ನು ತರೋಣವೆಂದರೆ ಹಿಂದಕ್ಕೇ ಬಿಡದು. ಮಗ್ಗದಲ್ಲಿ ಎಳೆ ತಪ್ಪಿದರೆ ಬಿಚ್ಚಿಕೊಂಡು ಹಿಂದೆ ಹೋಗಬಹುದಲ್ಲ.

ನಮ್ಮಿಬ್ಬರಿಗೂ ಹಿಡಿಸಿದ್ದು ಟ್ಯಾಂಕಿನ ಆಟ. ಇಟ್ಟಿಗೆ ಗೋಡೆಯೊಳಗೆ ಒಂದು ಹಕ್ಕಿ, ಅದನ್ನು ಶತ್ರು ಟ್ಯಾಂಕುಗಳಿಂದ ಕಾಯಬೇಕು. ನಮ್ಮದೇ ಗುಂಡು ತಾಗಿದರೂ ಗೋಡೆ ಒಡೆಯುತ್ತೆ. ಅತ್ತೆ ಹಕ್ಕಿಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. "ನೀನು ಹೋಗಿ ಹೊಡಿ, ನಾನು ಮನೆ ನೋಡ್ಕೊಂತೀನಿ."

ಒಂದು ಮಧ್ಯಾಹ್ನ ಭಾವ, ಅಂದರೆ ನನ್ನ ಗಂಡನ ಅಣ್ಣ, ತಮ್ಮ ಶೇಂಗಾ ಎಣ್ಣೆ ಅಂಗಡಿಯಿಂದ ಊಟಕ್ಕೆ ಬಂದವರು ಕೈ ತೊಳೆಯುವ ಮೊದಲೇ ಗೇಮಿನ ವೈರು ಕಿತ್ತರು.

"ಅಂಗಡಿಗೆ ಬಂದೋರು ಕೇಳ್ತಾರೆ, ನಿಮ್ಮನೇಲಿ ದಿನಾ ಯಾರು ಗುಂಡು ಹೊಡಿತಾರೆ ಅಂತ. ನಾಳೆ ಇದನ್ನ ನಾಯಕನಹಟ್ಟಿ ಬಸ್ಸಿಗೆ ಹಾಕ್ತೀನಿ. ಅಲ್ಲಿ ಅಕ್ಕನ ಮಕ್ಕಳು ಆಡ್ಕೊಂತಾವೆ."

ಭಾವನ ಮಾತಿಗೆ ನಾನು ಅಲ್ಲಿವರೆಗೆ ಎದುರಾಡಿದ್ದಿಲ್ಲ. ಆದರೆ ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಹೊತ್ತು. ಅದನ್ನು ಬಸ್ಸು ಹತ್ತಿಸಲು ನಾನು ತಯಾರಿರಲಿಲ್ಲ.

"ನನ್ನ ತಮ್ಮ ಕೊಟ್ಟಿದ್ದು, ಕಳ್ಸೋದಿಲ್ಲ," ಅಂದೆ. "ಅಂಗಡಿ ಹಿಂದೆ ನೀವು ಇಸ್ಪೀಟು ಆಡೋದನ್ನ ಯಾರೂ ಕೇಳಲ್ವಾ ಭಾವ?"

"ಅದು ತಲೆ ಓಡ್ಸೋ ಆಟ ಕಣಮ್ಮ."

"ಹಂಗಾದ್ರೆ ಇದ್ರಾಗೂ ಓಡ್ಸು, ನೋಡಾನ," ಎಂದ ಅತ್ತೆ ತಾವೇ ಎದ್ದು ವೈರು ಸಿಕ್ಕಿಸಿ, ನನ್ನ ರಿಮೋಟನ್ನು ಮಗನ ಕೈಗಿಟ್ಟರು.

ಭಾವ ಬಂದೂಕಿನ ಆಟ ಆರಿಸಿದರು. ಇಬ್ಬರು ಸಿಪಾಯಿಗಳು ನೀರು ಬೀಳುವ ಬಂಡೆಗಳನ್ನು ಹಾರಿ ಹಾರಿ ಹತ್ತಬೇಕು. ಆ ಆಟದ ದೊಡ್ಡ ದೋಷವೆಂದರೆ, ಒಬ್ಬ ಹತ್ತಿದಂತೆ ಚಿತ್ರವೂ ಮೇಲೇರುತ್ತೆ, ಕೆಳಗೆ ಉಳಿದವನ ಕಾಲಡಿಯ ಬಂಡೆ ಮಾಯವಾಗುತ್ತೆ. ಭಾವ ದಡದಡ ಹತ್ತಿದರು. ಅತ್ತೆ ಸತ್ತರು. ಮತ್ತೆ ಹುಟ್ಟಿ, ಮತ್ತೆ ಸತ್ತರು.

"ಲೇ, ನಿಲ್ಲೋ. ನಿಮ್ಮವ್ವ ಇನ್ನೂ ಕೆಳಗವ್ಳೆ."

"ನೀನೇ ಜಲ್ದಿ ಬಾರವ್ವ."

"ಸಂತೆಗೆ ಹೋದಾಗ್ಲೂ ನಿಂದು ಇದೇ. ನನ್ನ ಬಿಟ್ಟು ಅರ್ಧ ಊರು ದಾಟಿರ್ತೀಯ."

ಭಾವ ಮುಂದಿನ ಸಲ ಒಂದು ಬಂಡೆಯ ಮೇಲೆ ನಿಂತರು. ಅತ್ತೆ ತಡವರಿಸಿಕೊಂಡು ಹಾರಿ ಬರುವವರೆಗೂ ನಿಂತೇ ಇದ್ದರು. ಒಳಗೆ ಸಾರು ಆರಿತು. ನಾನು ಕರೆಯಲಿಲ್ಲ.

ಊಟ ಮುಗಿಸಿ ಚಪ್ಪಲಿ ಮೆಟ್ಟುವಾಗ ಅವರು ಬಸ್ಸಿನ ಮಾತೆತ್ತಲಿಲ್ಲ. "ಬಾಗಿಲಾದ್ರೂ ಹಾಕ್ಕೊಂಡು ಆಡ್ರಿ," ಅಂದರು.

"ಸೆಕೆ ಐತಪ್ಪ," ಅಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ.

ನಾನು ಬಾಗಿಲು ಹಾಕಲಿಲ್ಲ. ಸೌಂಡನ್ನೂ ಇಳಿಸಲಿಲ್ಲ.